ಕೊಕ್ಕರೆಯ ಕೊನೆಯ ಕಾರ್ಡು

ನಮ್ಮ ಊರಿನಲ್ಲಿ ಡಬ್ಬಿಯ ತಳದಲ್ಲಿ ಉಳಿದ ಕೊನೆಯ ಚಕ್ಕುಲಿಯನ್ನು ಯಾರೂ ತಿನ್ನುವುದಿಲ್ಲ. ಮೆತ್ತಗಾಗಲಿ, ಕಮಟು ಹಿಡಿಯಲಿ, ಅದು ಅಲ್ಲೇ ಇರಬೇಕು. ಹೊಸದು ಕರಿದು ಡಬ್ಬಿ ತುಂಬಿದ ಮೇಲೆಯೇ ಹಳೆಯದಕ್ಕೆ ಬಿಡುಗಡೆ. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಮೊದಲು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅವರೂ ಬೆಂಕಿಪೊಟ್ಟಣದ ಕೊನೆಯ ಕಡ್ಡಿ ಗೀರಲು ಮನಸ್ಸು ಬಾರದೆ ಪಕ್ಕದ ಮನೆಗೆ ಹೋಗಿ, 'ಒಂದು ಕಡ್ಡಿ ಕೊಡ್ರೀ' ಎನ್ನುತ್ತಾರೆ. ಪಕ್ಕದ ಮನೆಯವಳು ಕೊಡುವ ಮುಂಚೆ ತನ್ನ ಪೊಟ್ಟಣ ಅಲ್ಲಾಡಿಸಿ ನೋಡುತ್ತಾಳೆ.

ಈ ಚಾಳಿ ನಮಗೆ ಹುಟ್ಟಿನಿಂದ ಬಂದದ್ದಲ್ಲ, ಕಾರ್ಡುಗಳಿಂದ ಬಂದದ್ದು. ನಮ್ಮದು ರಸ್ತೆಯನ್ನು ನಂಬಿ ಬದುಕಿದ ಊರು. ಹೇಳಿಕೊಳ್ಳುವಂಥ ಗುಡಿಯಿಲ್ಲ, ಜಲಪಾತವಿಲ್ಲ, ಯಾವ ರಾಜನೂ ಇಲ್ಲಿ ಕುದುರೆಗೆ ನೀರು ಕುಡಿಸಿದ ಕತೆಯಿಲ್ಲ. ಬಸ್ಸು, ಲಾರಿ, ಪ್ರವಾಸದ ವ್ಯಾನುಗಳು ನಮ್ಮ ಮುಖಕ್ಕೆ ಧೂಳು ಹೊಡೆದು ಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ನಿಲ್ಲಿಸಬೇಕೆಂದರೆ ಏನಾದರೂ ಇರಬೇಕಲ್ಲ? ಅದಕ್ಕೇ ನಮ್ಮ ಹಿರಿಯರು ರಸ್ತೆಬದಿಯಲ್ಲಿ ಒಂದೊಂದೇ ಸೋಜಿಗ ಕಟ್ಟಿದರು. ಮೊದಲು ಕೆಟಲ್ ಹೋಟೆಲು: ಎರಡಂತಸ್ತಿನ ಟೀ ಕೆಟಲ್, ಒಳಗೆ ಮೇಜು ಬೆಂಚು, ಮೂತಿಯಿಂದ ಅಡುಗೆಮನೆಯ ಹೊಗೆ. ಆಮೇಲೆ ಕನ್ನಡಿ ಮಹಲು, ಅದರೊಳಗೆ ಹೊಕ್ಕರೆ ಸಣಕಲ ಪೈಲ್ವಾನನಾಗಿ, ಪೈಲ್ವಾನ ಸೌತೆಕಾಯಿಯಾಗಿ ಕಾಣುತ್ತಿದ್ದ. ಆಮೇಲೆ ಮೊಸಳೆ ಕೊಳ. ಸಿಮೆಂಟಿನ ಮೊಸಳೆಗಳ ನಡುವೆ ಒಂದೇ ಒಂದು ನಿಜವಾದ ಮೊಸಳೆ, ಯಾವುದೆಂದು ಕಂಡುಹಿಡಿಯುವುದೇ ಆಟ. ಎಲ್ಲಕ್ಕಿಂತ ಕೊನೆಗೆ ಕೊಕ್ಕರೆ.

ತೆಂಗಿನ ಮರದಷ್ಟು ಎತ್ತರದ ಸಿಮೆಂಟಿನ ಕೊಕ್ಕರೆ. ಒಂಟಿ ಕಾಲಿನಲ್ಲಿ ನಿಂತಿತ್ತು. ಕಾಲಿನೊಳಗೆ ಸುತ್ತು ಮೆಟ್ಟಿಲು, ಹೊಟ್ಟೆಯಲ್ಲಿ ಒಂದು ಕೋಣೆ, ಕೋಣೆಗೆ ಎರಡು ಕಿಟಕಿ. ಅಲ್ಲಿ ಕೂತು ನಿಂಬೆ ಷರಬತ್ತು ಕುಡಿಯುತ್ತಾ ಕೆಳಗೆ ಬಸ್ಸುಗಳು ಸಾಲುಗಟ್ಟುವುದನ್ನು ನೋಡುವ ಸುಖ ಅರಮನೆಯಲ್ಲೂ ಸಿಗಲಾರದು ಎಂದು ನಾನು ಈಗಲೂ ಹೇಳುತ್ತೇನೆ. ಅರಮನೆ ನಾನು ನೋಡಿಲ್ಲ, ಆ ಮಾತು ಬೇರೆ.

ನಮ್ಮಪ್ಪ ಕಾರ್ಡಿನ ಶಾಮಣ್ಣ ಹಳೆ ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟಿದ್ದ. ಒಂದೊಂದು ಸೋಜಿಗ ಎದ್ದಾಗಲೂ ಫೋಟೋ ತೆಗೆಸಿ, ಪೇಟೆಯ ಪ್ರೆಸ್ಸಿನಲ್ಲಿ ಬಣ್ಣ ಹಾಕಿಸಿ, ಅಂಚೆ ಕಾರ್ಡು ಮಾಡಿಸುತ್ತಿದ್ದ. ಕೆಟಲ್ ಹೋಟೆಲಿನ ಕಾರ್ಡಿನಲ್ಲಿ ಆಕಾಶ ಗುಲಾಬಿ ಬಣ್ಣದ್ದು, ಅಂಥ ಆಕಾಶವನ್ನು ಇಲ್ಲಿ ಯಾರೂ ಕಂಡಿಲ್ಲ. ಕನ್ನಡಿ ಮಹಲಿನ ಮುಂದೆ ಉದ್ದ ಮೂತಿಯ ಕಪ್ಪು ಕಾರು, ಅದಕ್ಕೆ ಒರಗಿ ನಿಂತ ಧಣಿ ನಿಜಕ್ಕೂ ಪ್ರೆಸ್ಸಿನವನ ಬಾಮೈದ. ಮೊಸಳೆ ಕೊಳದ ಕಾರ್ಡಿನಲ್ಲಿ ಎಣ್ಣೆ ಹಚ್ಚಿ ಕ್ರಾಪು ಬಾಚಿದ ಗಂಡಸರು ಬೇಲಿಗೆ ಬಗ್ಗಿ ನಗುತ್ತಿದ್ದಾರೆ, ಹಿಂದೆ ಅವರ ಹೆಂಗಸರು ನಗದೆ ನಿಂತಿದ್ದಾರೆ. ಪ್ರತಿ ಕಾರ್ಡಿನ ಕೆಳಗೂ ಅಪ್ಪನ ಒಕ್ಕಣೆ: 'ನಿಲ್ಲಿಸಿ ನೋಡಿ, ನೋಡದೆ ಹೋದರೆ ನಿಮಗೇ ನಷ್ಟ.' ಕಾರ್ಡು ಊರೂರಿಗೆ ಹೋಗಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಜನ ಬಂದು ಇಳಿಯುತ್ತಿದ್ದರು. ಹೋಗುವಾಗ ಇನ್ನೊಂದು ಕಾರ್ಡು ಕೊಂಡು ಇನ್ಯಾರಿಗೋ ಹಾಕುತ್ತಿದ್ದರು. ಊರು ಗಿಜಿಗುಡುತ್ತಿದ್ದ ಕಾಲ ಅದು.

ಮೊದಲು ಹೋದದ್ದು ಕೆಟಲ್. ಒಂದು ಮಧ್ಯಾಹ್ನ ಅದರೊಳಗೆ ಕೂತು ವಡೆ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡು ಬಯಲಲ್ಲಿ ಕೂತಿದ್ದರು. ಗೋಡೆಯಿಲ್ಲ, ಚಾವಣಿಯಿಲ್ಲ, ಬಿದ್ದ ಸದ್ದೂ ಇಲ್ಲ. ಒಬ್ಬನಂತೂ ಚಟ್ನಿ ಕೇಳಿದನಂತೆ. ಮುಂದಿನ ವರ್ಷ ಕನ್ನಡಿ ಮಹಲು ಹೋಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಖಾದರ್ ಸಾಬರು ಕನ್ನಡಿ ಒರೆಸಲು ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ. ಆಗ ಅಪ್ಪನಿಗೆ ಹೊಳೆಯಿತು: ಎರಡು ಸಲವೂ ಆ ಸೋಜಿಗದ ಕೊನೆಯ ಕಾರ್ಡು ಅಂಚೆ ಕಚೇರಿಯ ಮುದ್ರೆಗೆ ಬಿದ್ದ ಗಳಿಗೆಯೇ ಅದು ಹೋಗಿದೆ. ಊರಲ್ಲಿ ಒಂದು ಕಾರ್ಡಾದರೂ ಉಳಿದಿರುವವರೆಗೆ ಸೋಜಿಗ ಇರುತ್ತದೆ. ಪುರಸಭೆಯ ಅಧ್ಯಕ್ಷರು ಇದನ್ನು ನಂಬದೆ, ಮೊಸಳೆ ಕೊಳದ ಕೊನೆಯ ಕಾರ್ಡನ್ನು ಜೇಬಲ್ಲಿಟ್ಟುಕೊಂಡು ರಾಜಧಾನಿಗೆ ಅನುದಾನ ಕೇಳಲು ಹೊರಟರು. ಅವರ ಜೀಪು ಗಡಿಕಲ್ಲು ದಾಟಿತು. ಕೊಳವಿದ್ದ ಜಾಗದಲ್ಲಿ ಒಣ ನೆಲ, ಅದರ ಮೇಲೆ ನಿಜವಾದ ಮೊಸಳೆಯೊಂದೇ ಕಣ್ಣು ಕಣ್ಣು ಬಿಡುತ್ತಾ ಮಲಗಿತ್ತು. ಯಾವುದು ನಿಜವಾದದ್ದೆಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಮತ್ತೆ ಅಚ್ಚು ಹಾಕಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಿಸಿ ನೋಡಿದೆವು. ಕೊಕ್ಕರೆಯ ಎಂಥ ಫೋಟೋ ತೆಗೆದರೂ ಊರಲ್ಲಿರುವಷ್ಟು ಹೊತ್ತು ಅದರಲ್ಲಿ ಕೊಕ್ಕರೆ ಇರುತ್ತದೆ, ಗಡಿಕಲ್ಲು ದಾಟಿದ ಕೂಡಲೇ ಬರೀ ರಸ್ತೆ, ಬರೀ ಆಕಾಶ. ಅಪ್ಪನ ಮೊದಲ ಅಚ್ಚಿಗೆ ಸಿಕ್ಕದ್ದು ಆಮೇಲೆ ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ.

ಹಾಗಾಗಿ ಊರು ಒಂದು ಕಟ್ಟುಪಾಡು ಮಾಡಿತು. ಕೊಕ್ಕರೆಯ ಕೊನೆಯ ಕಾರ್ಡು ನಮ್ಮ ಮನೆಯಲ್ಲಿರಬೇಕು. ಅದನ್ನು ಕಾಯುವವರು ರಾತ್ರಿ ಬೇರೆ ಊರಲ್ಲಿ ತಂಗಬಾರದು. ಚಿತ್ರದ ಕಾರ್ಡು ಯಾವುದೇ ಬರಲಿ, ಹಬ್ಬದ ಶುಭಾಶಯದ್ದೇ ಆಗಲಿ, ಮುದ್ರೆ ಹೊಡೆಯುವ ಮುಂಚೆ ಪೋಸ್ಟ್ ಮಾಸ್ಟರು 'ಇನ್ನೊಂದು ಇದೆಯಾ?' ಎಂದು ಕೇಳಬೇಕು. ಕೇಳಿ ಕೇಳಿ ಅದು ಊರಿನ ಬಾಯಿಮಾತಾಗಿ ಚಕ್ಕುಲಿ ಡಬ್ಬಿಯವರೆಗೂ ಬಂತು. ಕೊಕ್ಕರೆಯೇನೋ ಉಳಿಯಿತು. ಆದರೆ ಕಾರ್ಡು ಹೊರಗೆ ಹೋಗದಿದ್ದರೆ ಜನ ಯಾಕೆ ಬರುತ್ತಾರೆ? ಬರುವವರು ಕಡಿಮೆಯಾದರು, ಆಮೇಲೆ ಊರಾಚೆ ಬೈಪಾಸಾಗಿ ಬಸ್ಸುಗಳು ಬರುವುದೂ ನಿಂತಿತು. ಕೊಕ್ಕರೆಯನ್ನು ನಾವು ನಾವೇ ನೋಡಿಕೊಂಡು ಇದ್ದೆವು.

ಆ ಕಾರ್ಡಿನಲ್ಲಿ ನಾನೂ ಇದ್ದೇನೆ. ಕೊಕ್ಕರೆಯ ಪಾದದ ಹತ್ತಿರ ಇಬ್ಬರು ಹುಡುಗಿಯರು. ಚಿಕ್ಕವಳು ನಾನು, ಅಂಬುಜ. ದೊಡ್ಡವಳು ನಮ್ಮಕ್ಕ ವನಜ. ಅವಳು ಅವತ್ತು ಉಟ್ಟಿದ್ದು ಅರಿಶಿನ ಬಣ್ಣದ ಲಂಗ, ಪ್ರೆಸ್ಸಿನವರು ಅದಕ್ಕೆ ಹಸಿರು ಬಳಿದುಬಿಟ್ಟರು. ಆ ಸಿಟ್ಟು ಅಕ್ಕನಿಗೆ ಮದುವೆಯಾಗಿ ಮಗಳಾದ ಮೇಲೂ ಇಳಿದಿರಲಿಲ್ಲ. 'ಒಂದ್ ಲಂಗದ ಬಣ್ಣ ನೆಟ್ಟಗೆ ಹಾಕಕ್ಕೆ ಬರಲ್ಲ, ಪ್ರೆಸ್ಸಂತೆ ಪ್ರೆಸ್ಸು' ಎನ್ನುತ್ತಿದ್ದಳು.

ಅಕ್ಕನನ್ನು ಕೊಟ್ಟದ್ದು ಬಹಳ ದೂರಕ್ಕೆ, ಸಮುದ್ರದ ದಂಡೆಯ ಊರಿಗೆ. ಎರಡು ರೈಲು ಬದಲಾಯಿಸಿ ಹೋಗಬೇಕು. ಬಾಣಂತನಕ್ಕೆ ಬಂದಳು, ಅಪ್ಪ ಹೋದಾಗ ಬಂದಳು. ಆಮೇಲೆ ಭಾವನ ಪಾರ್ಶ್ವವಾಯು, ಅವರ ಸೇವೆ, ಅವಳದೇ ಮಂಡಿನೋವು. ಅಪ್ಪ ಸಾಯುವ ಮುಂಚೆ ಕಾರ್ಡನ್ನು ನನ್ನ ಕೈಗೆ ಕೊಟ್ಟ. ನನಗೆ ಗಂಡುಗಳೇನೋ ಬಂದವು, ಈ ಊರಿಗೆ ಮನೆ ಅಳಿಯನಾಗಿ ಬರುವವನು ಸಿಗಲಿಲ್ಲ. ನಾನೂ ಅಳುತ್ತಾ ಕೂರಲಿಲ್ಲ, ಅಂಗಡಿಯಲ್ಲಿ ಪೆನ್ನು, ಪಿನ್ನು, ಬಳಪ ಮಾರಿಕೊಂಡಿದ್ದೆ. ಆದರೆ ಅಕ್ಕನನ್ನು ನೋಡಬೇಕೆನ್ನುವ ಆಸೆ ಮಾತ್ರ ಹಲ್ಲುನೋವಿನ ಹಾಗೆ ಇತ್ತು. ಹಗಲೆಲ್ಲ ಸುಮ್ಮನಿದ್ದು ಮಲಗುವ ಹೊತ್ತಿಗೆ ಎದ್ದು ಕೂರುತ್ತಿತ್ತು. ಭಾನುವಾರ ಫೋನಿನಲ್ಲಿ ಅವಳು ಮೊದಲು ಕೇಳುತ್ತಿದ್ದದ್ದು ನನ್ನ ಆರೋಗ್ಯವನ್ನಲ್ಲ. 'ಕೊಕ್ಕರೆ ಹೆಂಗಿದೆಯೇ?' 'ಇದೆ ಕಣಕ್ಕ, ನಿನ್ನನ್ನೇ ಕೇಳ್ತಿತ್ತು.' 'ಸುಮ್ನಿರೇ' ಎಂದು ನಗುತ್ತಿದ್ದಳು. ಹೋದ ವರ್ಷದಿಂದ ಆ ನಗು ತಡವಾಗಿ ಬರತೊಡಗಿತು. ಆಮೇಲೆ ನಾನು ಯಾರೆಂದು ಕೇಳತೊಡಗಿದಳು. ಆಮೇಲೆ ಫೋನಿಗೆ ಬರುವುದನ್ನೇ ಬಿಟ್ಟಳು.

ಒಂದು ದಿನ ಅವಳ ಮಗಳು ಶ್ರೀಲತ ಫೋನು ಮಾಡಿದಳು. ಹುಡುಗಿ ಒಳ್ಳೆಯವಳೇ, ಮಾತು ಸ್ವಲ್ಪ ಚುರುಕು.

"ಚಿಕ್ಕಮ್ಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮೂರಲ್ಲಿ ತೆಂಗಿನ ಮರದಷ್ಟು ಎತ್ತರದ ಕೊಕ್ಕರೆ ಏನಾದ್ರೂ ಇದೆಯಾ?"

"ಇದೆಯಲ್ಲ. ಇಲ್ಲೇ ಮುಂದೆ ನಿಂತಿದೆ."

 ತಾಯಿ ಮಾತ್ರವಲ್ಲ, ಚಿಕ್ಕಮ್ಮನೂ ಕೈಬಿಟ್ಟು ಹೋದಳು ಎಂದು ಹುಡುಗಿ ಅಂದುಕೊಂಡಿರಬೇಕು. ಆಮೇಲೆ ಹೇಳಿದಳು. ಅಕ್ಕನಿಗೆ ಮರೆವು ಹೆಚ್ಚಾಗಿದೆ. ಮಗಳ ಹೆಸರು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಬಾಗಿಲು ದಾಟಿಸಿದರೆ ಕಿರುಚುತ್ತಾಳೆ, ಹಾಗಾಗಿ ಎಲ್ಲಿಗೂ ಕರೆದುಕೊಂಡು ಹೋಗುವಂತಿಲ್ಲ. ಡಾಕ್ಟರು ಬಂದು ಯಾವೂರು ಎಂದರೆ ಕೊಕ್ಕರೆಯ ವಿಚಾರ ಶುರುಮಾಡುತ್ತಾಳೆ, ಅದರ ಹೊಟ್ಟೆಯಲ್ಲಿ ಕೂತು ಷರಬತ್ತು ಕುಡಿದೆ ಎನ್ನುತ್ತಾಳೆ. ಡಾಕ್ಟರು ತಲೆಯಾಡಿಸಿ ಮಾತ್ರೆ ಹೆಚ್ಚು ಮಾಡುತ್ತಾರೆ. ಮಾತ್ರೆ ನುಂಗಿದರೆ ದಿನವೆಲ್ಲ ಗೋಡೆ ನೋಡಿಕೊಂಡು ಕೂತಿರುತ್ತಾಳೆ.

"ಇದೆ ಅಂತ ಹೇಳಿ ಸಮಾಧಾನ ಮಾಡಬಾರ್ದೇನೇ?"

"ಹೇಳಿದ್ವಿ ಚಿಕ್ಕಮ್ಮ. 'ನೀನು ನೋಡಿಲ್ಲ, ನನ್ನ ಓಲೈಸಕ್ಕೆ ಹೇಳ್ತಿದೀಯ' ಅಂತಾರೆ. ಅಷ್ಟು ಗೊತ್ತಾಗುತ್ತೆ ಅವರಿಗೆ. ನಾನು ಇಂಟರ್ನೆಟ್ಟಲ್ಲೆಲ್ಲ ಹುಡುಕಿದೆ. ಎಲ್ಲೂ ಇಲ್ಲ."

ಇರುವುದಾದರೂ ಹೇಗೆ? ಅಷ್ಟು ವರ್ಷಗಳಿಂದ ನಾವೇ ಯಾರಿಗೂ ಕಾರ್ಡು ಹಾಕಿಲ್ಲ.

ನಾನು ಓಡಿದ್ದು ಬುಡೇನನ ಹತ್ತಿರ. ಬುಡೇನ್ ಸಾಬಿ ಕನ್ನಡಿ ಮಹಲಿನ ಖಾದರ್ ಸಾಬರ ಮಗ. ನನಗಿಂತ ಎರಡು ವರ್ಷ ಚಿಕ್ಕವನು. ಅವನ ಟೀ ಗಾಡಿ ಕೊಕ್ಕರೆಯ ನೆರಳಿನಲ್ಲಿರುತ್ತದೆ, ನೆರಳು ಸರಿದ ಹಾಗೆ ಅವನೂ ಗಾಡಿ ತಳ್ಳುತ್ತಾನೆ. ಬೆಳಿಗ್ಗೆ ಹಿಟ್ಟಿನ ಗಿರಣಿಯ ಮುಂದೆ, ಸಂಜೆ ಅಂಚೆ ಕಚೇರಿಯ ಮುಂದೆ. ಊರಲ್ಲಿ ಗಡಿಯಾರ ನೋಡುವವರು ಕಡಿಮೆ, 'ಬುಡೇನ ಪೋಸ್ಟಾಫೀಸಿಗೆ ಬಂದ, ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು' ಎನ್ನುತ್ತಾರೆ.

"ಕೊಕ್ಕರೆ ಫೋಟೋ ಗಡಿ ದಾಟಲ್ಲ, ಸರಿ ಅಂಬಕ್ಕ," ಎಂದ ಬುಡೇನ, ತಲೆ ಕೆರೆದುಕೊಂಡು. "ಆದ್ರೆ ಕಾರ್ಡಿನ ಫೋಟೋ ತೆಗೆದ್ರೆ? ಅದು ಕೊಕ್ಕರೆ ಫೋಟೋ ಅಲ್ಲವಲ್ಲ. ಕಾರ್ಡಿನದು."

ಈ ಬುದ್ಧಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನಾನು ಮನೆಗೆ ಹೋಗಿ ಕಾರ್ಡು ತಂದೆ. ಅವನು ಕೈ ಒರೆಸಿಕೊಂಡು ತನ್ನ ಫೋನಿನಲ್ಲಿ ಫೋಟೋ ತೆಗೆದ. ಚೆನ್ನಾಗಿ ಬಂತು. ಕೊಕ್ಕರೆ, ಅದರ ಕಾಲು, ನಾವಿಬ್ಬರು, ಹಸಿರು ಲಂಗ. ಇಬ್ಬರೂ ಮಕ್ಕಳ ಹಾಗೆ ಹಿಗ್ಗಿ ಅದನ್ನು ಶ್ರೀಲತಳಿಗೆ ಕಳಿಸಿದೆವು. ಬುಡೇನ ಆ ಸಂತೋಷಕ್ಕೆ ಎಲ್ಲರಿಗೂ ಟೀ ಕೊಟ್ಟ.

ಸಂಜೆ ಶ್ರೀಲತ ಫೋನು ಮಾಡಿದಳು. ಅವಳ ದನಿ ಗಟ್ಟಿಯಾಗಿತ್ತು.

"ಏನು ಚಿಕ್ಕಮ್ಮ ಇದು? ಖಾಲಿ ಮೈದಾನದಲ್ಲಿ ಇಬ್ಬರು ಹುಡುಗೀರು ನಿಂತಿದಾರೆ. ಕೊಕ್ಕರೆ ಎಲ್ಲಿ? ನಾನು ನೋಡದೇನೇ ಅಮ್ಮನ ಕೈಗೆ ಕೊಟ್ಟುಬಿಟ್ಟೆ."

"ಅಕ್ಕ ಏನಂದಳು?"

"ಬಹಳ ಹೊತ್ತು ನೋಡಿದರು. ಆಮೇಲೆ 'ಹಂಗಾದ್ರೆ ನಂದೇ ತಪ್ಪಿರಬೇಕು' ಅಂದರು. ಅಷ್ಟೇ. ಆಗಿನಿಂದ ಊಟ ಮಾಡಿಲ್ಲ."

ಮೊದಲು ಬೇರೆಯವರು ಅವಳನ್ನು ನಂಬುತ್ತಿರಲಿಲ್ಲ, ಈಗ ಅವಳೇ ತನ್ನನ್ನು ನಂಬದ ಹಾಗಾಯಿತು. ಅದನ್ನು ಮಾಡಿದ್ದು ಅವಳ ಸ್ವಂತ ತಂಗಿ. ನಾನು ಅವತ್ತು ಅಂಗಡಿಯ ಬಾಗಿಲು ಎಳೆದುಕೊಂಡು, ಬಳಪದ ಡಬ್ಬಗಳ ನಡುವೆ ಕೂತು ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಮಾರನೆಯ ದಿನ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಅಂಚೆ ಕಚೇರಿಯ ಕಡೆ ಹೊರಟವಳನ್ನು ಬುಡೇನ ತಡೆದ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಗಿತ್ತು. ಪೋಸ್ಟ್ ಮಾಸ್ಟರ್ ಹಾಲಪ್ಪನವರೂ ಟೀಗೆಂದು ಅಲ್ಲೇ ನಿಂತಿದ್ದರು.

"ಅಂಬಕ್ಕ, ಬೇಡ," ಎಂದ ಬುಡೇನ. "ಕನ್ನಡಿ ಮಹಲು ಹೋದಾಗ ನಮ್ಮಪ್ಪನ್ನ ನೋಡಿದೀಯಲ್ಲ ನೀನು. ಸಾಯೋವರೆಗೂ ದಿನಾ ಬೆಳಿಗ್ಗೆ ಆ ಬಯಲಿಗೆ ಹೋಗಿ, ಇಲ್ಲದಿರೋ ಹೊಸಲು ದಾಟಕ್ಕೆ ಕಾಲೆತ್ತಿ ಇಡ್ತಿದ್ದ. ನಾನೂ ಹಂಗಾಗಬೇಕಾ?"

"ನಿನ್ನ ನೆರಳು ಹೋಗುತ್ತೆ ಅಂತ ನಿನಗೆ ಚಿಂತೆ."

"ಹೌದು, ಚಿಂತೆ! ನೆರಳಲ್ಲೇ ಹುಟ್ಟಿ ಬೆಳೆದವನು ನಾನು. ನನಗೆ ಬಿಸಿಲಲ್ಲಿ ನಿಂತು ಗೊತ್ತಿಲ್ಲ."

ಹಾಲಪ್ಪನವರು ಬೇರೆಯದೇ ಮಾತು ತೆಗೆದರು. "ಅಂಬುಜಮ್ಮ, ಇನ್ನೊಂದು ಯೋಚನೆ ಮಾಡಿ. ಬೇರೆ ಕಾರ್ಡುಗಳೆಲ್ಲ ಹೊರಗೆ ಹೋಗಿ ಚಿತ್ರ ತೋರಿಸಿದ್ವು, ನಿಜ. ಕೊನೇ ಕಾರ್ಡು ಏನಾಯ್ತು ಅಂತ ಯಾರಿಗೆ ಗೊತ್ತು? ಕೆಟಲಿನ ಕೊನೇ ಕಾರ್ಡು ಹಿಡ್ಕೊಂಡು ಯಾರಾದ್ರೂ ಬಂದ್ರಾ? ಮುದ್ರೆ ಬಿದ್ದ ಮೇಲೆ ಚಿತ್ರಾನೂ ಅಳಿಸಿಹೋದ್ರೆ? ಇಲ್ಲಿ ಕೊಕ್ಕರೆನೂ ಹೋಯ್ತು, ಅಲ್ಲಿ ನಿಮ್ಮಕ್ಕನಿಗೆ ಮತ್ತೊಂದ್ಸಲ ಖಾಲಿ ಮೈದಾನ ತೋರಿಸಿದ ಹಾಗಾಯ್ತು."

ರಾತ್ರಿಯೆಲ್ಲ ನಾನೇ ಕೇಳಿಕೊಂಡ ಪ್ರಶ್ನೆ ಅದು.

"ಒಂದ್ ಕೆಲ್ಸ ಮಾಡು," ಎಂದ ಬುಡೇನ. "ಫೋನ್ ಹಚ್ಚು. ನಾನು ಮಾತಾಡ್ತೀನಿ ವನಜಕ್ಕನ ಹತ್ರ. ಚಿಕ್ಕೋನಿದ್ದಾಗ ನನ್ನ ಎತ್ಕೊಂಡು ಮೇಲೆ ಹತ್ತಿಸ್ತಿದ್ಲು. ನನ್ನ ಮಾತು ನಂಬ್ತಾಳೆ, ನೋಡು."

ಶ್ರೀಲತ ಮನಸ್ಸಿಲ್ಲದ ಮನಸ್ಸಿನಿಂದ ಫೋನನ್ನು ಅಕ್ಕನ ಕಿವಿಗೆ ಹಿಡಿದಳು. ಈ ಕಡೆ ಬುಡೇನ ಸ್ಪೀಕರ್ ಹಾಕಿದ. ಮೂವರೂ ಬಗ್ಗಿ ನಿಂತೆವು.

"ವನಜಕ್ಕ, ನಾನು ಬುಡೇನು. ಕೊಕ್ಕರೆ ಕಾಲ್ಬೆರಳನ್ನ ಕಲ್ಲಲ್ಲಿ ಕುಟ್ಟಿ ಮುರಿದು ನಿನ್ನ ಹತ್ರ ಕಿವಿ ಹಿಂಡಿಸ್ಕೊಂಡಿದ್ದೆನಲ್ಲ, ಅದೇ ಬುಡೇನು."

ಸ್ಟವ್ ಬುಸುಗುಡುತ್ತಿತ್ತು.

"ಕೊಕ್ಕರೆ ಕಣಕ್ಕ, ನಮ್ಮ ಕೊಕ್ಕರೆ."

"ಕೊಕ್ಕರೆ ಇಲ್ಲ," ಎಂದಿತು ಅಕ್ಕನ ದನಿ. ಪಾಠ ಒಪ್ಪಿಸುವ ಮಗುವಿನ ಹಾಗೆ, ಒಂದೊಂದೇ ಮಾತು. "ಅಂಥದ್ದೇನೂ ಇರಲಿಲ್ವಂತೆ. ನಾನೇ ಕಟ್ಟಿಕೊಂಡಿದ್ದಂತೆ. ಇನ್ಮೇಲೆ ಹೇಳಲ್ಲ."

ಬುಡೇನ ತಲೆಯೆತ್ತಿ ಕೊಕ್ಕರೆಯನ್ನು ನೋಡಿದ. ಅದರ ಹೊಟ್ಟೆಯ ಕಿಟಕಿಯಲ್ಲಿ ಯಾರದೋ ಮಗು ಕೂತು ಕಾಲು ಆಡಿಸುತ್ತಿತ್ತು. ಬುಡೇನ ಫೋನನ್ನು ನನ್ನ ಕೈಗೆ ಕೊಟ್ಟು, ಸ್ಟವ್ ಆರಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಹಾಳಾಗಿ ಹೋಗ್ಲಿ ನೆರಳು," ಎಂದ. "ಅಂಥಾ ಹೆಂಗಸಿನ ಬಾಯಲ್ಲಿ ಇಲ್ಲ ಅನ್ನಿಸಿಬಿಟ್ವಲ್ಲ ಅಂಬಕ್ಕ. ಹಾಲಪ್ನೋರೇ, ನಡೀರಿ."

"ಚಿತ್ರ ಅಳಿಸಿಹೋದ್ರೆ?"

"ಹೋದ್ರೆ ಹೋಗ್ಲಿ. ಹಾಕದೇ ಇಟ್ಕೊಂಡ್ರೆ ಅವಳ ಪಾಲಿಗೆ ಈಗ್ಲೇ ಹೋಗಿದೆ."

ಊರಿಗೆ ಹೇಳದೆ ಮಾಡುವುದು ಸರಿಯಲ್ಲ ಎಂದು ಸಂಜೆಯವರೆಗೆ ತಡೆದೆವು. ಸುದ್ದಿ ಹಬ್ಬಿದ್ದೇ ಜನ ಬಂದು ಸಾಲು ನಿಂತರು. ಕೆಲವರು ಸುಮ್ಮನೆ ಮೆಟ್ಟಿಲು ಹತ್ತಿ ಇಳಿದರು, ಕೆಲವರು ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮೇಲೆ ಹೋದ ಮುದುಕರೊಬ್ಬರು ಇಳಿಯಲೊಲ್ಲೆನೆಂದು ಹಟ ಹಿಡಿದದ್ದರಿಂದ ಅವರ ಸೊಸೆ ಬೈದು ಇಳಿಸಿಕೊಂಡು ಬಂದಳು. ಗಿರಣಿಯ ಸಿದ್ದಮ್ಮ ಮಾತ್ರ ನನ್ನ ಮುಂದೆ ನಿಂತು ನೇರವಾಗಿ ಹೇಳಿದಳು: "ನಿಮ್ಮಕ್ಕ ಒಬ್ಳು. ನಮ್ಮ ಮಕ್ಕಳು ಎಷ್ಟ್ ಜನ ಇದಾರೆ ನೋಡ್ರೀ ಅಂಬುಜಮ್ಮ. ಅವಕ್ಕೆ ಏನು ತೋರಿಸೋದು ನಾವು?" ನಾನು 'ತಪ್ಪಾಯ್ತು ಸಿದ್ದಮ್ಮ' ಎಂದೆ. ತಪ್ಪಾಗಿತ್ತು, ಅವಳು ಹೇಳಿದ್ದು ಸರಿಯಾಗಿತ್ತು. ಆದರೂ ಹಾಕದಿರಲು ನನ್ನಿಂದ ಆಗುತ್ತಿರಲಿಲ್ಲ.

ಎಲ್ಲರೂ ಕೆಳಗಿಳಿದ ಮೇಲೆ ಕಾರ್ಡಿನ ಹಿಂದೆ ಬರೆಯಲು ಕೂತರೆ ಕೈಯೇ ಓಡಲಿಲ್ಲ. ಇಷ್ಟು ವರ್ಷದ ಮಾತು ಆ ಅಂಗೈಯಷ್ಟು ಜಾಗದಲ್ಲಿ ಎಲ್ಲಿ ಹಿಡಿಸುತ್ತದೆ? ಕೊನೆಗೆ 'ಅಕ್ಕಾ, ನೀನು ಹೇಳಿದ್ದೇ ಸರಿ. ಇತಿ ಅಂಬು' ಎಂದಷ್ಟೇ ಬರೆದು ಅಂಚೆಚೀಟಿ ಹಚ್ಚಿದೆ.

ಹಾಲಪ್ಪನವರು ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಇನ್ನೊಂದು ಇದೆಯಾ?"

"ಇಲ್ಲ," ಎಂದೆ.

ಆ ಮೇಜಿನ ಮುಂದೆ ಹಾಗೆಂದವಳು ನಾನೇ ಮೊದಲು. ಹಾಲಪ್ಪನವರು ಮುದ್ರೆಗೆ ಮಸಿ ಹಚ್ಚಿದರು, ಎತ್ತಿದರು, ಮತ್ತೆ ಇಳಿಸಿದರು. "ಕೈ ಬರ್ತಿಲ್ಲಮ್ಮ," ಎಂದರು. "ಬೇರೆಯವರು ಮುದ್ರೆ ಮುಟ್ಟಬಾರದು ಅಂತ ನಿಯಮ ಇದೆ. ನಾನು ಸ್ವಲ್ಪ ಹೊತ್ತು ಕಿಟಕಿ ಹತ್ರ ನಿಂತಿರ್ತೀನಿ. ಕೊಕ್ಕರೆ ನೋಡ್ಕೋತೀನಿ." ಎದ್ದು ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಬುಡೇನ ಬಾಗಿಲಲ್ಲಿ ನಿಂತು ಟವೆಲನ್ನು ಹಿಂಡುತ್ತಿದ್ದ. ಮುದ್ರೆ ನಾನೆಣಿಸಿದ್ದಕ್ಕಿಂತ ಹಗುರಾಗಿತ್ತು. ಹೊಡೆದೆ.

ಸದ್ದೇನೂ ಆಗಲಿಲ್ಲ. ಅಂಚೆ ಕಚೇರಿಯ ಒಳಗೆ ಸಂಜೆಯ ಬಿಸಿಲು ಬಂತು, ಅಷ್ಟೇ. ಆ ನೆಲಕ್ಕೆ ಆ ಹೊತ್ತಿನಲ್ಲಿ ಬಿಸಿಲು ಬಿದ್ದದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಮೂಲೆಯ ಜೇಡರ ಬಲೆ, ಹಳೆಯ ಮಸಿಯ ಕಲೆ, ಹಾಲಪ್ಪನವರ ಷರಟಿನ ಹಿಂದಿನ ಹೊಲಿಗೆ, ಎಲ್ಲ ಒಮ್ಮೆಲೇ ಕಾಣಿಸಿದವು. ಹೊರಗೆ ಯಾರದೋ ಮಗು ಜೋರಾಗಿ ಅಳತೊಡಗಿತು. ಕೊಕ್ಕರೆಯ ರೆಕ್ಕೆಯ ಸಂದಿಯಲ್ಲಿ ಗೂಡು ಕಟ್ಟಿದ್ದ ಮೈನಾಗಳು ಕೂರಲು ಜಾಗ ಸಿಗದೆ ಆಕಾಶದಲ್ಲಿ ಅಲ್ಲಲ್ಲೇ ಸುತ್ತುತ್ತಿದ್ದವು.

ಆಮೇಲೆ ಕಾಯುವುದು ಶುರುವಾಯಿತು. ಬುಡೇನ ಹಳೆಯ ರೂಢಿಯಂತೆ ಗಾಡಿ ತಳ್ಳುತ್ತಲೇ ಇದ್ದ, ಬೆಳಿಗ್ಗೆ ಗಿರಣಿ, ಸಂಜೆ ಅಂಚೆ ಕಚೇರಿ, ಬಿಸಿಲಿನಿಂದ ಬಿಸಿಲಿಗೆ. ಜನ ಆ ಜಾಗವನ್ನು ಅಡ್ಡ ಹಾಯದೆ ಸುತ್ತಿಕೊಂಡು ಓಡಾಡಿದರು. ನನಗೆ ಬೈಯಬೇಕೆಂದು ಬಂದವರು ನನ್ನ ಮುಖ ನೋಡಿ ಒಂದು ಪಿನ್ನು ಕೊಂಡು ಹೋದರು. ನಾನು ಕಣ್ಣುಮುಚ್ಚಿದರೆ ಸಾಕು, ಅಕ್ಕನ ಕೈಯಲ್ಲಿ ಬಿಳಿಯ ಕಾರ್ಡು. ಅದರಲ್ಲಿ ಕೊಕ್ಕರೆಯಿಲ್ಲ, ನಾವೂ ಇಲ್ಲ. ಒಂದೊಂದು ಸಲ ಸುಮ್ಮನೆ ಇಟ್ಟುಕೊಂಡಿದ್ದರೇ ಚೆನ್ನಾಗಿತ್ತು, ಅಕ್ಕ ಇಲ್ಲಿಗೆ ಎಂದಾದರೂ ಬರುತ್ತಾಳೆ ಎಂಬ ಆಸೆಯಾದರೂ ಇರುತ್ತಿತ್ತು ಎನ್ನಿಸುತ್ತಿತ್ತು.

ಫೋನು ಬಂದಾಗ ನಾನು ಬುಡೇನನ ಗಾಡಿಯ ಹತ್ತಿರವೇ ಇದ್ದೆ. ಶ್ರೀಲತ ಬಿಕ್ಕುತ್ತಿದ್ದಳು. ನಾನು ಗಾಡಿಯ ಅಂಚು ಹಿಡಿದುಕೊಂಡೆ.

"ಚಿಕ್ಕಮ್ಮ," ಎಂದಳು ಕೊನೆಗೆ. "ಇಷ್ಟು ದೊಡ್ಡದಾ ಅದು?"

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ನಾನು ಅಮ್ಮನಿಗೆ ಏನೇನೋ ಅಂದುಬಿಟ್ಟೆ ಚಿಕ್ಕಮ್ಮ. ಹುಚ್ಚು ಅಂದೆ. ಮಾತ್ರೆ ಕೊಟ್ಟೆ. ಇದು ಇದೆ. ಅಮ್ಮ ಹೇಳಿದ ಹಾಗೇ ಇದೆ. ಕಾಲಲ್ಲಿ ಬಾಗಿಲು, ಹೊಟ್ಟೆಯಲ್ಲಿ ಕಿಟಕಿ... ಇರಿ, ಅವರೇ ಕೇಳ್ತಿದಾರೆ."

ಫೋನು ಕೈ ಬದಲಾಯಿಸಿದ ಸದ್ದು. ಉಸಿರು ಕೇಳಿಸಿತು. ಆ ಉಸಿರು ನನಗೆ ಗೊತ್ತು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು.

"ಅಂಬು," ಎಂದಳು ಅಕ್ಕ.

ಅವಳು ನನ್ನ ಹೆಸರು ಹಿಡಿದು ಕರೆದು ವರ್ಷವೇ ಆಗಿತ್ತು. ಬುಡೇನ ಟೀ ಸೋಸುವುದನ್ನು ನಿಲ್ಲಿಸಿದ.

"ಹ್ಞೂಂ ಅಕ್ಕ. ನಾನೇ."

"ಇಷ್ಟು ವರ್ಷ ನನ್ನ ನೋಡಕ್ಕೆ ಯಾಕೇ ಬರ್ಲಿಲ್ಲ ನೀನು?"

ಇದಕ್ಕೆ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಕಾರ್ಡು ಕಾಯಬೇಕಲ್ಲ ಅಕ್ಕ, ಬಿಟ್ಟು ಹೇಗೆ ಬರಲಿ? ಗಂಡಿನವರಿಗೆ, ನೆಂಟರಿಗೆ, ನನಗೆ ನಾನೇ ಎಷ್ಟು ಸಲ ಹೇಳಿಕೊಂಡ ಉತ್ತರ. ಈಗ ಆ ಕಾರ್ಡು ಅವಳ ಕೈಯಲ್ಲಿತ್ತು.

"ಬರ್ತೀನಿ," ಎಂದೆ.

"ಯಾವಾಗ?"

"ನೀನು ಹೇಳು."

ಮತ್ತೆ ಮರೆತಳೇನೋ ಎಂದು ನಾನು ಹೆದರಿದೆ. ಆಮೇಲೆ ಅಕ್ಕ ದನಿ ತಗ್ಗಿಸಿ, ಮಗಳಿಗೆ ಕೇಳಿಸಬಾರದೆಂಬ ಹಾಗೆ ಹೇಳಿದಳು.

"ಈಗ್ಲೇ ಬಾರೇ. ನನಗೆ ಮರೆತು ಹೋಗೋದ್ರೊಳಗೆ ಬಾ."

ಅಂಗಡಿಯ ಬೀಗದ ಕೈಯನ್ನು ಬುಡೇನನ ಗಾಡಿಯ ಮೇಲಿಟ್ಟು, ಉಟ್ಟ ಸೀರೆಯಲ್ಲೇ ಬೈಪಾಸಿನ ಕಡೆ ನಡೆದೆ.